ನಾನಿಲ್ಲದಾಗಲೂ ನಡೆಯಬೇಕಾದ ಆಪ್

ಈ ಸೇವಾಸಂಸ್ಥೆಯಲ್ಲಿ ಐಟಿ ವಿಭಾಗ ಅಂತ ಒಂದಿಲ್ಲ. ಪ್ರಿಂಟರ್ ಕೆಟ್ಟರೂ ವೈಫೈ ನಿಂತರೂ ಲೆಕ್ಕಪತ್ರದವರೇ ನೋಡಬೇಕು. ಫಲಾನುಭವಿಗಳ ಪಟ್ಟಿ, ಭೇಟಿಯ ವರದಿ, ದೇಣಿಗೆಯ ಲೆಕ್ಕ ಎಲ್ಲವೂ ಎಕ್ಸೆಲ್ ಫೈಲುಗಳಲ್ಲಿತ್ತು. ಫೈಲುಗಳ ಹೆಸರೋ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’. ಇಷ್ಟನ್ನೂ ಒಳಬಳಕೆಯ ಒಂದು ವೆಬ್ ಆಪ್‌ಗೆ ತರುವ ಕೆಲಸವನ್ನು ಸ್ವಯಂಸೇವಕನಾಗಿ ವಹಿಸಿಕೊಂಡೆ. ಸ್ವಯಂಸೇವಕ ಎಂದರೆ ಇವತ್ತು ಇದ್ದು ನಾಳೆ ಇಲ್ಲದವ. ಹಾಗಾಗಿ ಏನನ್ನು ಆರಿಸುವಾಗಲೂ ಒಂದೇ ಪ್ರಶ್ನೆ ಕೇಳಿಕೊಂಡೆ: ನಾನಿಲ್ಲದಾಗ ಇದು ಬಿದ್ದರೆ ಎತ್ತಿ ನಿಲ್ಲಿಸುವವರು ಯಾರು?

ವೆಬ್ ಆಪ್ ಕಟ್ಟುವ ಚೌಕಟ್ಟಾಗಿ ಜಾಂಗೊ, ಡೇಟಾಬೇಸಾಗಿ ಪೋಸ್ಟ್‌ಗ್ರೆಸ್ ಹಿಡಿದದ್ದು ಅದಕ್ಕೇ. ಜಾಂಗೊ 2005ರಿಂದ ಇದೆ, ಬಲ್ಲವರು ಸಿಗುತ್ತಾರೆ. ಟೇಬಲ್‌ಗಳನ್ನು ಸರಿಯಾಗಿ ಬರೆದಿಟ್ಟರೆ ಸೇರಿಸುವ, ತಿದ್ದುವ, ಹುಡುಕುವ ಪುಟಗಳನ್ನು ಅದರ ಅಡ್ಮಿನ್ ಭಾಗವೇ ಕೊಡುತ್ತದೆ. ಕಚೇರಿಯವರಿಗೆ ಅಷ್ಟು ಸಾಕಾಯಿತು. ಕಾರ್ಯಕರ್ತರು ಮೊಬೈಲಿನಲ್ಲಿ ತುಂಬುವ ಭೇಟಿ ಫಾರಂಗೆ ಮಾತ್ರ ಬೇರೆ ಪುಟ ಬರೆದೆ. ಹಲವು ಸರ್ವರ್‌ಗಳಲ್ಲಿ ಆಪ್‌ಗಳನ್ನು ಹಂಚಿ ನಡೆಸುವ ಕುಬರ್ನೆಟೀಸ್ ಹಾಕೋಣ ಎಂದ ಗೆಳೆಯನೊಬ್ಬನಿದ್ದ. ಬೆರಳೆಣಿಕೆಯ ಜನ ಬಳಸುವ ಆಪ್‌ಗೆ ಅದೇಕೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಆಪನ್ನು ಅದರ ಪರಿಕರಗಳ ಸಮೇತ ಪೊಟ್ಟಣ ಕಟ್ಟುವ ಡಾಕರ್ ಕೂಡ ಬೇಡವೆಂದೆ. ಒಂದು ಚಿಕ್ಕ ಉಬುಂಟು ಎಲ್‌ಟಿಎಸ್ (ವರ್ಷಗಟ್ಟಲೆ ತಿದ್ದುಪಡಿ ಸಿಗುವ ಲಿನಕ್ಸ್ ಆವೃತ್ತಿ) ಸರ್ವರ್, ಎಲ್ಲವೂ ಅದರ ಮೇಲೇ.

ಹೊತ್ತು ತಿಂದದ್ದು ಹಳೆಯ ಡೇಟಾ. ಫೋನ್ ನಂಬರಿನ ಮುಂದಿನ ಸೊನ್ನೆಯನ್ನು ಎಕ್ಸೆಲ್ ನುಂಗಿಬಿಟ್ಟಿರುತ್ತದೆ. 3/4 ಎಂದರೆ ಬರೆದವರಿಗೆ ಏಪ್ರಿಲ್ 3, ಇನ್ನೊಂದು ಕಂಪ್ಯೂಟರಿಗೆ ಮಾರ್ಚ್ 4. ಕನ್ನಡದ ಹೆಸರುಗಳದ್ದು ಬೇರೆಯೇ ತಕರಾರು: ಒಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಇಡಬಹುದು. ನೋಡಲು ಎರಡೂ ಒಂದೇ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯುನಿಕೋಡ್ ರೂಪ) ತರುವ ಕೋಡ್ ಸಾಲೊಂದನ್ನು ಸೇರಿಸಿದ ಮೇಲೆ, ಬೇರೆಬೇರೆ ಎಂದುಕೊಂಡಿದ್ದ ಎಷ್ಟೋ ದಾಖಲೆಗಳು ಒಬ್ಬರವೇ ಎಂದು ಗೊತ್ತಾಯಿತು. ಆಪ್‌ನಿಂದ ಇಳಿಸಿಕೊಳ್ಳುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲಿನ ತಲೆಯಲ್ಲಿ, ಅಕ್ಷರ ಸಂಕೇತ ಯಾವುದೆಂದು ತಿಳಿಸುವ ಬಿಒಎಂ ಗುರುತನ್ನೂ ಇಟ್ಟೆ. ಅದಿಲ್ಲದಿದ್ದರೆ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚಿತ್ರವಿಚಿತ್ರವಾಗಿ ಕಾಣುವುದುಂಟು.

ಯಾರಿಗೆ ಏನು ಕಾಣಬೇಕು ಎನ್ನುವುದನ್ನು ಸಂಸ್ಥೆಯವರ ಜೊತೆ ಮೊದಲೇ ಕೂತು ತೀರ್ಮಾನಿಸಿದ್ದೆವು. ಕಾರ್ಯಕರ್ತರಿಗೆ ತಾವು ನೋಡಿಕೊಳ್ಳುವ ಕುಟುಂಬಗಳಷ್ಟೇ. ಲೆಕ್ಕದವರಿಗೆ ದೇಣಿಗೆ ಕಾಣಬೇಕು, ಆರೋಗ್ಯದ ಟಿಪ್ಪಣಿ ಕಾಣಬಾರದು. ಬಿಟ್ಟು ಹೋದವರ ಖಾತೆಯನ್ನು ಅಳಿಸುವುದಿಲ್ಲ, ನಿಷ್ಕ್ರಿಯ ಮಾಡುತ್ತೇವೆ. ಅವರು ಬರೆದ ವರದಿಗಳ ಮೇಲೆ ಅವರ ಹೆಸರು ಉಳಿಯಬೇಕಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರಲಿ ಎಂಬ ಬೇಡಿಕೆಯೂ ಬಂತು. ಅದಕ್ಕೆ ನಾನು ಜಗ್ಗಲಿಲ್ಲ.

ಸರ್ವರ್ ಕೆಲಸದಲ್ಲಿ ಹೊಸದೇನಿಲ್ಲ. ಆಪನ್ನು ಗುನಿಕಾರ್ನ್ ನಡೆಸುತ್ತದೆ, ಅದು ನಿಂತರೆ ಮತ್ತೆ ಎಬ್ಬಿಸುವುದು ಸಿಸ್ಟಮ್‌ಡಿ, ಎದುರಿಗೆ ಹೊರಗಿನ ಕೋರಿಕೆಗಳನ್ನು ಮೊದಲು ಪಡೆಯುವ ಎನ್‌ಜಿನ್‌ಎಕ್ಸ್. ಹೊರಗಿನಿಂದ ವೆಬ್‌ನ 80, 443 ಮತ್ತು ದೂರದಿಂದ ಸರ್ವರ್ ಒಳಹೊಗುವ ಎಸ್‌ಎಸ್‌ಎಚ್ ಪೋರ್ಟ್‌ಗಳಷ್ಟೇ (ಸಂಪರ್ಕದ ಬಾಗಿಲುಗಳು) ತೆರೆದಿವೆ. ಪೋಸ್ಟ್‌ಗ್ರೆಸ್‌ನ 5432 ಒಳಗೇ ಉಳಿಯಿತು. ಎಸ್‌ಎಸ್‌ಎಚ್‌ಗೆ ಕೀಲಿ ಬೇಕೇ ಬೇಕು, ಪಾಸ್‌ವರ್ಡ್ ನಡೆಯುವುದಿಲ್ಲ. ದೋಷದ ಒಳವಿವರಗಳನ್ನು ಪುಟದಲ್ಲೇ ತೋರಿಸುವ ಡಿಬಗ್ ಆಫ್ ಮಾಡಿ, ಗುಪ್ತ ಕೀಲಿಯನ್ನು ಕೋಡ್‌ನಿಂದ ಹೊರಗಿಟ್ಟು, ಭದ್ರತೆಯ ಸಿದ್ಧತೆ ಪರೀಕ್ಷಿಸುವ ಜಾಂಗೊದ ‘ಚೆಕ್ ಡಿಪ್ಲಾಯ್’ ಆದೇಶ ಓಡಿಸಿದೆ. ಅದು ಕೊಟ್ಟ ಎಚ್ಚರಿಕೆಗಳನ್ನು ಒಂದೊಂದಾಗಿ ಸರಿಮಾಡಿದೆ. ಒಳಬಳಕೆಯ ಆಪ್ ಆದ್ದರಿಂದ ವಿಪಿಎನ್ (ಸಂಸ್ಥೆಯವರಿಗಷ್ಟೇ ತೆರೆಯುವ ಖಾಸಗಿ ಜಾಲದಾರಿ) ಹಿಂದೆ ಇಡಬಹುದಿತ್ತು. ಆದರೆ ಕಾರ್ಯಕರ್ತರ ಹಳೆಯ ಫೋನುಗಳಲ್ಲಿ ವಿಪಿಎನ್ ಸಂಭಾಳಿಸುವುದು ಯಾರ ತಲೆನೋವು? ಬದಲಿಗೆ ಕಚೇರಿಯ ಖಾತೆಗಳಿಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿದೆ.

ಸೈಟಿನ ಸುರಕ್ಷಿತ ಸಂಪರ್ಕಕ್ಕೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪಡೆದ ಪ್ರಮಾಣಪತ್ರ 90 ದಿನದ್ದು, ಸರ್ಟ್‌ಬಾಟ್ ಎಂಬ ತಂತ್ರಾಂಶ ತಾನೇ ನವೀಕರಿಸುತ್ತದೆ. ಮುಗಿಯುತ್ತಿದೆ ಎಂದು ಇಮೇಲ್ ಕಳಿಸುವುದನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದರಿಂದ, ನವೀಕರಣ ಕೈಕೊಟ್ಟರೆ ತಿಳಿಸಲು ಹೊರಗಿನ ಕಾವಲು ಸೇವೆಯೊಂದನ್ನು ಹಚ್ಚಿದೆ.

ಬ್ಯಾಕಪ್ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಪ್ರತಿ ರಾತ್ರಿ ಪೋಸ್ಟ್‌ಗ್ರೆಸ್‌ನ ನಕಲು ತೆಗೆಯುವ ಪಿಜಿ ಡಂಪ್ ಓಡುತ್ತದೆ. ಅದರಲ್ಲಿ ಡೇಟಾಬೇಸ್ ಮಾತ್ರ ಇರುತ್ತದೆ, ಅಪ್‌ಲೋಡ್ ಆದ ಫೋಟೊ, ಅರ್ಜಿಗಳು ಇರುವುದಿಲ್ಲ. ಆ ಫೋಲ್ಡರನ್ನೂ ಸೇರಿಸಿ, ಗೂಢಲಿಪೀಕರಿಸಿ, ಬೇರೆ ಕಂಪನಿಯ ಸ್ಟೋರೇಜ್‌ಗೆ ಕಳಿಸುತ್ತೇವೆ. ಮರಳಿ ಸ್ಥಾಪಿಸುವ ವಿಧಾನವನ್ನು ಒಂದು ಹಾಳೆಯಲ್ಲಿ ಬರೆದು, ಖಾಲಿ ಸರ್ವರ್ ಒಂದನ್ನು ಕೊಟ್ಟು, ಲೆಕ್ಕಪತ್ರದವರನ್ನೇ ಕೂರಿಸಿದೆ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತೆ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಹಾಳೆಗೆ ಒಂದು ಸಾಲು ಸೇರುತ್ತಿತ್ತು. “ಸರ್, ಈ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಟೈಪ್ ಆಗ್ತಾನೇ ಇಲ್ಲ” ಎಂದರು. ಟೈಪ್ ಮಾಡಿದ್ದು ಕಾಣುವುದಿಲ್ಲ ಎಂಬುದೂ ಹಾಳೆಗೆ ಹೋಯಿತು.

ಡೊಮೇನ್, ಸರ್ವರ್, ಸ್ಟೋರೇಜ್ ಮೂರೂ ಸಂಸ್ಥೆಯ ಹೆಸರಿನಲ್ಲೇ ಇವೆ, ಯಾವುದೇ ವ್ಯಕ್ತಿಗೆ ಸೇರದ ಕಚೇರಿ ಇಮೇಲ್‌ಗೆ ಜೋಡಿಸಲಾಗಿದೆ. ನಾವು ಬಳಸುತ್ತಿರುವ ಜಾಂಗೊ 5.2ಕ್ಕೆ ಭದ್ರತಾ ತಿದ್ದುಪಡಿಗಳು ಬರುವುದು 2028ರ ಏಪ್ರಿಲ್‌ವರೆಗೆ. ಅಷ್ಟರೊಳಗೆ ಯಾರನ್ನಾದರೂ ಹಿಡಿದು ಮುಂದಿನ ಆವೃತ್ತಿಗೆ ಏರಿಸಬೇಕು. ಆ ಖರ್ಚನ್ನು ಅವರ ಬಜೆಟ್ ಹಾಳೆಯಲ್ಲಿ ಈಗಲೇ ಒಂದು ಸಾಲಾಗಿ ಬರೆಸಿದ್ದೇನೆ.