ಹೊಸ ಕೆ-ಪಾಪ್ ಸಿಂಗಲ್ ವಿಮರ್ಶೆ: ಶ್ರುತಿಯಾಚೆ ಏನೇನು ಕೇಳಬೇಕು

ಧಾರವಾಡದ ಕಿವಿ ಮೊದಲು ಹುಡುಕುವುದು ಸ್ವರವನ್ನು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ ಬೆಳೆದ ಮನೆಗಳಲ್ಲಿ ‘ಬೇಸೂರ ಆತು’ ಅಂದರೆ ಮುಗೀತು, ಅದೇ ಕೊನೆಯ ತೀರ್ಪು. ಕೆ-ಪಾಪ್ ಅಂದರೆ ಕೊರಿಯಾದ ಪಾಪ್ ಸಂಗೀತ; ಅದರ ಸಿಂಗಲ್‌ಗೆ, ಅಂದರೆ ಬಿಡಿಯಾಗಿ ಬಿಡುಗಡೆಯಾಗುವ ಹಾಡಿಗೆ, ಈ ಅಳತೆಗೋಲು ಒಪ್ಪುವುದಿಲ್ಲ. ಸ್ಟುಡಿಯೊದಲ್ಲಿ ಬಹುತೇಕ ಪ್ರತಿ ಸ್ವರವನ್ನೂ ಕಂಪ್ಯೂಟರಿನಲ್ಲಿ ಸರಿಪಡಿಸಿ ಕೂರಿಸಿರುತ್ತಾರೆ. ‘ಶ್ರುತಿಶುದ್ಧವಾಗಿ ಹಾಡಿದ್ದಾಳೆ’ ಎಂದು ಬರೆದರೆ ಹೊಗಳಿಕೆ ಸಲ್ಲುವುದು ಎಡಿಟರಿಗೆ.

ಹೆಚ್ಚಿನ ಸಿಂಗಲ್‌ಗಳು ಕೊರಿಯಾದ ಸಂಜೆ 6ಕ್ಕೆ, ಅಂದರೆ ನಮ್ಮ ಮಧ್ಯಾಹ್ನ 2:30ಕ್ಕೆ ಬರುತ್ತವೆ. ಆ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿದ್ದರೆ ಹಾಡು ಕೇಳಿ ಖುಷಿಪಡಿ, ವಿಮರ್ಶೆಗೆ ಕೂರಬೇಡಿ. ಬಸ್ಸಿನ ಗುಂಯ್ ಸದ್ದು ಕೆಳಗಿನ ಬೇಸನ್ನು ನುಂಗಿಬಿಡುತ್ತದೆ. ‘ಬೇಸ್ ತೆಳುವಾಗಿದೆ’ ಎಂಬ ತಪ್ಪು ಮಾತು ಹುಟ್ಟುವುದು ಅಲ್ಲಿಯೇ. ಮೊಬೈಲಿನ ಸ್ಪೀಕರಿಗೂ 60 ಹರ್ಟ್ಸ್ ಬೇಸ್ ಎಟುಕುವುದಿಲ್ಲ. ಮನೆಯಲ್ಲಿ ವೈರ್ ಇರುವ ಹೆಡ್‌ಫೋನ್ ಹಾಕಿ, ಆ್ಯಪಿನಲ್ಲಿ ಆಡಿಯೊ ಗುಣಮಟ್ಟವನ್ನು ಸಿಗುವಷ್ಟು ಮೇಲಕ್ಕೇರಿಸಿ. ವಿಡಿಯೊ ಬೇಡ, ಆಡಿಯೊ ಆವೃತ್ತಿಯನ್ನೇ ಕೇಳಿ: ವಿಡಿಯೊದಲ್ಲಿ ಮಾತು, ಹೆಜ್ಜೆ ಸದ್ದು ಸೇರಿರಬಹುದು, ಕುಣಿತವಂತೂ ಕಿವಿಯ ಗಮನ ಕದಿಯುತ್ತದೆ. ಇನ್ನೊಂದು ಹಾಡಿನ ಜೊತೆ ಹೋಲಿಸುವಾಗ ಆ್ಯಪಿನ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡನ್ನೂ ಸುಮಾರು ಒಂದೇ ಜೋರಿಗೆ ತರುವ ಆಯ್ಕೆ) ಆನ್ ಇರಲಿ. ಒಂದೆರಡು ಡೆಸಿಬೆಲ್ ಜೋರಾದ ಹಾಡು ಸುಮ್ಮನೆ ಚೆಂದ ಅನಿಸಿಬಿಡುತ್ತದೆ.

ಮೊದಲ ಸಲ ಪೂರ್ತಿ ಕೇಳಿ, ಏನನ್ನೂ ಬರೆಯಬೇಡಿ. ಎರಡನೆಯ ಸಲ ಚರಣ, ಪ್ರೀ-ಕೋರಸ್ (ಕೋರಸ್‌ಗೆ ಏರಿಸುವ ಭಾಗ), ಕೋರಸ್ (ಮರಳಿ ಮರಳಿ ಬರುವ ಪಲ್ಲವಿ), ಬ್ರಿಡ್ಜ್ (ನಡುವೆ ಬರುವ ಬೇರೆ ಬಗೆಯ ಭಾಗ) ಎಲ್ಲೆಲ್ಲಿ ಶುರುವಾಗುತ್ತವೆ ಎಂದು ನಿಮಿಷ-ಸೆಕೆಂಡು ಗುರುತು ಹಾಕಿ. ಪ್ರೀ-ಕೋರಸ್‌ನಲ್ಲಿ ಕಟ್ಟಿದ ಒತ್ತಡ ಕೋರಸ್ ಬಂದಾಗ ಬಿಚ್ಚಿಕೊಳ್ಳಬೇಕು. ಕೋರಸ್ ಬಂದರೂ ಹಾಡು ದೊಡ್ಡದಾಗದಿದ್ದರೆ ಎರಡು ಕಾರಣ ಸಾಮಾನ್ಯ: ಮೊದಲೇ ಎಲ್ಲ ವಾದ್ಯ ತುಂಬಿರುತ್ತಾರೆ, ಇಲ್ಲವೇ ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಜೋರು ಸದ್ದನ್ನು ತಡೆಯುವ ಲಿಮಿಟರ್ ಹಿಂಡಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಎರಡನೆಯದಾದರೆ ಕಿಕ್ ಡ್ರಮ್ ರಟ್ಟು ಬಡಿದಂತೆ ಕೇಳುತ್ತದೆ.

ಇನ್‌ಸ್ಟ್ರುಮೆಂಟಲ್ ಟ್ರ್ಯಾಕ್ ಕೊಟ್ಟಿದ್ದರೆ ಅದು ಚಿನ್ನ. ದನಿ ಇಲ್ಲದೆ ಕೇಳಿದಾಗ 2ರಿಂದ 4 ಕಿಲೊಹರ್ಟ್ಸ್ ಜಾಗದಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯದ ನಾದ) ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಮಾತು ಸ್ಪಷ್ಟವಾಗುವುದೂ ಅದೇ ಜಾಗದಲ್ಲಿ; ಅಲ್ಲಿ ನೂಕುನುಗ್ಗಲಾದರೆ ಹಾಡುಗಾರ್ತಿಯ ತಪ್ಪಿಲ್ಲದೆಯೂ ಸಾಹಿತ್ಯ ಮಸುಕಾಗುತ್ತದೆ. ಕೊನೆಯ ಕೋರಸ್‌ನಲ್ಲಿ ಶ್ರುತಿಯೇ (ಕೀ) ಏರಿತೇ ಎಂಬ ಅನುಮಾನವಿದ್ದರೆ ತಂಬೂರಿ ಆ್ಯಪ್ ಸಾಕು: ಮೊದಲ ಕೋರಸ್‌ಗೆ ಷಡ್ಜ ಹೊಂದಿಸಿ ಬಿಡಿ, ಏರಿದ್ದರೆ ತಂಬೂರಿ ಕೂಡಲೇ ಜಗಳ ತೆಗೆಯುತ್ತದೆ.

ಇನ್ನು ದನಿ. ಮೀಂಡ್ ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಸ್ವರದಿಂದ ಸ್ವರಕ್ಕೆ ಜಾರಬೇಕಾದ ಕಡೆ ದನಿ ಮೆಟ್ಟಿಲು ಇಳಿದಂತೆ ಟಕ್ಕನೆ ನಿಂತರೆ ಕಂಪ್ಯೂಟರಿನ ಸ್ವರ ತಿದ್ದುವಿಕೆ (ಟ್ಯೂನಿಂಗ್) ಅತಿ ವೇಗವಾಗಿದೆ ಎಂದರ್ಥ. ಕುಣಿತದ ಹಾಡಿನಲ್ಲಿ ಅದು ಬೇಕೆಂದೇ ಮಾಡಿದ ಬಣ್ಣ ಆಗಿರಬಹುದು, ನಿಧಾನದ ಭಾವಗೀತೆಯಂಥ ಬ್ಯಾಲಡ್‌ನಲ್ಲಿ ಮಾತ್ರ ಕೆಡುಕು. ಸಾಲಿನ ನಡುವಿನ ಉಸಿರಾಟ ಪೂರ್ತಿ ಕತ್ತರಿಸಿದ್ದಾರೆಯೇ ನೋಡಿ. ಕತ್ತರಿಸಿದ್ದರೆ ಕೇಳುವವರಿಗೇ ಉಸಿರು ಕಟ್ಟುತ್ತದೆ. ‘ಸ’ಕಾರ ಚುಚ್ಚಿದರೆ ಅದನ್ನು ತಗ್ಗಿಸುವ ಡಿ-ಎಸರ್ ಸಾಲದು, ತೊದಲಿದಂತಾದರೆ ಅತಿಯಾಯಿತು. ಕೊರಿಯನ್‌ನಲ್ಲಿ ಕ, ತ, ಪಗಳಿಗೆ ಸಡಿಲ, ಬಿಗಿ, ಮಹಾಪ್ರಾಣ ಎಂಬ ಮೂರು ಉಚ್ಚಾರಗಳಿವೆ. ಬಿಗಿ ವ್ಯಂಜನ ತಾಳದ ಮೇಲೆ ಸರಿಯಾಗಿ ಬಿದ್ದರೆ ಅದೇ ಒಂದು ಡ್ರಮ್. ರ‍್ಯಾಪ್ ಭಾಗದಲ್ಲಿ ಇದನ್ನೇ ಗಮನಿಸಿ.

ಕೋರಸ್‌ನ ತುಂಬು ದನಿಯನ್ನು ಒಬ್ಬರ ಲೆಕ್ಕಕ್ಕೆ ಬರೆಯಬೇಡಿ. ಎಡಬಲಕ್ಕೆ ಹರಡಿದ ಡಬಲ್‌ಗಳು (ಅದೇ ಸಾಲನ್ನು ಮತ್ತೆ ಹಾಡಿ ಸೇರಿಸಿದ್ದು), ಮೇಲಿನ ಸ್ಥಾಯಿಯ ಪದರಗಳು ಇರುತ್ತವೆ. ಎಷ್ಟೋ ಸಲ ಹಿನ್ನೆಲೆ ದನಿ ತಂಡದವರದ್ದೇ ಅಲ್ಲ. ಫೋನಿನ ಆಕ್ಸೆಸಿಬಿಲಿಟಿಯಲ್ಲಿ ಮೋನೊ ಆಡಿಯೊ ಆನ್ ಮಾಡಿ ನೋಡಿ: ಪದರಗಳು ಮಾಯವಾದರೆ ಆ ಅಗಲ ಫೇಸ್ ತಂತ್ರದಿಂದ ಬಂದದ್ದು, ಅಂದರೆ ಎಡ-ಬಲದ ಅಲೆಗಳನ್ನು ಒಂದಕ್ಕೊಂದು ತಿರುವಿಟ್ಟದ್ದು.

ಗಾಯನದ ಬಲ ತಿಳಿಯಲು ‘ಎಂಆರ್ ರಿಮೂವ್ಡ್’ (ವೇದಿಕೆಯ ಹಿನ್ನೆಲೆ ಸಂಗೀತ ತೆಗೆದ) ವಿಡಿಯೊಗಳನ್ನು ನಂಬಬೇಡಿ; ಮೊದಲೇ ರೆಕಾರ್ಡ್ ಆದ ದನಿ ಅದರಲ್ಲಿ ಉಳಿದಿರುತ್ತದೆ. ಕೊರಿಯಾದ ಟಿವಿ ಸಂಗೀತ ಕಾರ್ಯಕ್ರಮದಲ್ಲಿ ಗೆದ್ದ ಮೇಲೆ ಮತ್ತೆ ಹಾಡುವ ಎನ್‌ಕೋರ್ ಹೆಚ್ಚು ನಂಬಿಕಸ್ತ, ಆದರೂ ಅದು ಸಿಂಗಲ್‌ನ ವಿಮರ್ಶೆಯಲ್ಲ, ಬೇರೆ ಪ್ಯಾರಾದಲ್ಲಿಡಿ.

ಬರೆಯುವಾಗ ಪ್ರತಿ ಮಾತಿಗೂ ಸೆಕೆಂಡು ಕೊಡಿ. ‘ಮಿಕ್ಸ್ (ದನಿ-ವಾದ್ಯಗಳ ಹದ) ಕೆಟ್ಟದು’ ಅಂದರೆ ಓದುಗರಿಗೆ ಏನೂ ಸಿಗಲಿಲ್ಲ. ‘0:52ಕ್ಕೆ ಸಿಂಥ್ ಏರಿದಾಗ ದನಿ ಹಿಂದೆ ಸರಿಯುತ್ತದೆ’ ಅಂದರೆ ಅವರೇ ಕೇಳಿ ಒಪ್ಪಬಹುದು, ಜಗಳವನ್ನೂ ಆಡಬಹುದು. ಕೊನೆಗೆ ಕ್ರೆಡಿಟ್ ತೆರೆದು ಸಂಯೋಜನೆ, ಅರೇಂಜ್‌ಮೆಂಟ್, ವೋಕಲ್ ಡೈರೆಕ್ಷನ್, ಮಿಕ್ಸಿಂಗ್ ಯಾರದ್ದೆಂದು ನೋಡಿ, ಹೊಗಳಿಕೆಯನ್ನೂ ದೂರನ್ನೂ ಅವರವರ ಹೆಸರಿನ ಮುಂದೆ ಬರೆಯಿರಿ.