ಮೋಲ್ ಲೆಕ್ಕ: ಬೀರೂರಿನಲ್ಲಿ ಇಳಿದು ರೈಲು ಬದಲಿಸಿ

ಮೊದಲ ಪಿಯುಸಿ ಕೆಮಿಸ್ಟ್ರಿಯಲ್ಲಿ ಸ್ಟಾಯ್ಕಿಯೋಮೆಟ್ರಿ ಎಂಬ ಹೆಸರು ಕೇಳಿಯೇ ಎಷ್ಟೋ ಮಕ್ಕಳು ಕೈಚೆಲ್ಲುತ್ತಾರೆ. ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತು ಎಷ್ಟು ಬೇಕು, ಯಾವುದು ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ ಅದು. ಹೆಸರು ದೊಡ್ಡದು, ಗಣಿತ ಮಾತ್ರ ಏಳನೇ ಕ್ಲಾಸಿನದು. ಉತ್ತರ ಪತ್ರಿಕೆ ತಿದ್ದುವಾಗ ನನಗೆ ಪದೇ ಪದೇ ಸಿಗುವ ತಪ್ಪು ಒಂದೇ: ಒಂದು ವಸ್ತುವಿನ ಗ್ರಾಂನಿಂದ ಇನ್ನೊಂದರ ಗ್ರಾಂಗೆ ನೇರವಾಗಿ ಜಿಗಿದಿರುತ್ತಾರೆ. ಆ ದಾರಿಯೇ ಇಲ್ಲ. ಶಿವಮೊಗ್ಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೊರಟವರು ಸಾಮಾನ್ಯವಾಗಿ ಬೀರೂರು ಜಂಕ್ಷನ್‌ನಲ್ಲಿ ಇಳಿದು ಗಾಡಿ ಬದಲಿಸುತ್ತಾರಲ್ಲ, ಇಲ್ಲಿ ಮೋಲ್ ಎನ್ನುವುದೇ ಬೀರೂರು.

ಮೋಲ್ ಅಂದರೆ ಎಣಿಕೆ. ಡಜನ್ ಅಂದರೆ 12 ಹೇಗೋ ಹಾಗೆ, ಒಂದು ಮೋಲ್ ಅಂದರೆ 6.022 × 10²³ ಕಣಗಳು. ಅಷ್ಟನ್ನು ಯಾರು ಎಣಿಸುತ್ತಾರೆ? ಹಾರ್ಡ್‌ವೇರ್ ಅಂಗಡಿಯವನು ಮೊಳೆ ಎಣಿಸಿ ಕೊಡುತ್ತಾನೆಯೇ? ತೂಗಿ ಕೊಡುತ್ತಾನೆ. ಒಂದು ಮೊಳೆಯ ತೂಕ ಗೊತ್ತಿದ್ದರೆ ಪೊಟ್ಟಣದಲ್ಲಿ ಎಷ್ಟಿವೆ ಎಂದು ಹೇಳಬಹುದು. ಮೋಲ್ ಲೆಕ್ಕವೂ ಮೊಳೆ ಲೆಕ್ಕವೇ. ಗ್ರಾಂಗಳನ್ನು ಒಂದು ಮೋಲ್‌ನ ತೂಕದಿಂದ ಭಾಗಿಸಿದರೆ ಮೋಲ್ ಸಿಕ್ಕಿತು.

ಅಡುಗೆಮನೆಯ ಎಲ್‌ಪಿಜಿ ಸಿಲಿಂಡರನ್ನೇ ತೆಗೆದುಕೊಳ್ಳಿ. ಒಳಗಿರುವುದು 14.2 ಕೆಜಿ ಅನಿಲ. ಅದು ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಲೆಕ್ಕ ಸಲೀಸಾಗಲಿ ಎಂದು ಪೂರ್ತಿ ಬ್ಯುಟೇನ್ ಅಂದುಕೊಳ್ಳೋಣ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ? ಮುಂದೆ ಓದುವ ಮೊದಲು ಒಂದು ಅಂದಾಜು ಬರೆದಿಟ್ಟುಕೊಳ್ಳಿ. ಕ್ಲಾಸಿನಲ್ಲಿ ಕೇಳಿದರೆ ಹೆಚ್ಚಿನವರು ಹತ್ತು, ಹನ್ನೆರಡು ಕೆಜಿ ಅನ್ನುತ್ತಾರೆ.

ಮೊದಲು ಸಮೀಕರಣ ಬರೆದು ಸರಿದೂಗಿಸಿ. ಇದಾಗದೆ ಕ್ಯಾಲ್ಕುಲೇಟರ್ ಮುಟ್ಟಬೇಡಿ.

2 ಬ್ಯುಟೇನ್ + 13 ಆಮ್ಲಜನಕ → 8 ಇಂಗಾಲದ ಡೈಆಕ್ಸೈಡ್ + 10 ನೀರು

ಆಮೇಲೆ ಕೊಟ್ಟದ್ದೇನು, ಕೇಳಿದ್ದೇನು ಎಂಬುದನ್ನು ವಸ್ತುವಿನ ಹೆಸರು, ಮಾನ ಸಮೇತ ಬರೆಯಿರಿ. ಬರೀ ‘14200’ ಸಾಲದು, ‘14200 ಗ್ರಾಂ ಬ್ಯುಟೇನ್’ ಎಂದಿರಬೇಕು.

ಈಗ ಬೀರೂರಿಗೆ. ಬ್ಯುಟೇನ್ ಅಣುವಿನಲ್ಲಿ ನಾಲ್ಕು ಇಂಗಾಲ, ಹತ್ತು ಜಲಜನಕ. ಒಂದು ಮೋಲ್ ಇಂಗಾಲದ ಪರಮಾಣುಗಳು 12 ಗ್ರಾಂ, ಜಲಜನಕದವು 1 ಗ್ರಾಂ. 48 ಕೂಡಿಸು 10, ಒಂದು ಮೋಲ್‌ಗೆ 58 ಗ್ರಾಂ. 14200 ಭಾಗಿಸು 58, ಸುಮಾರು 244.8 ಮೋಲ್. ಇಲ್ಲೇ ಜಾಣರೂ ಎಡವುತ್ತಾರೆ. ಸಮೀಕರಣದಲ್ಲಿ ಬ್ಯುಟೇನ್ ಹಿಂದೆ 2 ಇದೆಯಲ್ಲ ಎಂದು 58ನ್ನು 116 ಮಾಡಿ ಭಾಗಿಸುತ್ತಾರೆ. ಮುಂದಿನದೆಲ್ಲ ಸರಿಯಾಗಿದ್ದರೂ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಆ 2ಕ್ಕೆ ಈ ಹಂತದಲ್ಲಿ ಏನೂ ಕೆಲಸವಿಲ್ಲ. ಅದರ ಸರದಿ ಮುಂದಿನ ಸಾಲಿನಲ್ಲಿ.

ಗಾಡಿ ಬದಲಿಸುವುದು ಅಂದರೆ ಅನುಪಾತ ನೋಡುವುದು. 2 ಬ್ಯುಟೇನ್‌ಗೆ 8 ಇಂಗಾಲದ ಡೈಆಕ್ಸೈಡ್, ಅಂದರೆ ಒಂದಕ್ಕೆ ನಾಲ್ಕು. 244.8ರ ನಾಲ್ಕು ಪಟ್ಟು 979 ಮೋಲ್. ಇಂಗಾಲದ 12, ಎರಡು ಆಮ್ಲಜನಕದ 32 ಸೇರಿ ಒಂದು ಮೋಲ್‌ಗೆ 44 ಗ್ರಾಂನಂತೆ ಗುಣಿಸಿದರೆ 43 ಕೆಜಿ ಚಿಲ್ಲರೆ.

ಹದಿನಾಲ್ಕು ಕೆಜಿ ಉರಿದು ನಲವತ್ತಮೂರು ಕೆಜಿ ಹೇಗಾಯಿತು? ಉರಿಯುವಾಗ ಗಾಳಿಯಿಂದ ಸುಮಾರು 51 ಕೆಜಿ ಆಮ್ಲಜನಕ ಸೇರಿಕೊಂಡಿದೆ. ಜೊತೆಗೆ 22 ಕೆಜಿ ನೀರಾವಿಯೂ ಹುಟ್ಟಿದೆ. ಒಳಗೆ ಹೋದದ್ದು 65, ಹೊರಬಂದದ್ದು 65. ಈ ತಾಳೆ ನೋಡಲು ಎರಡು ನಿಮಿಷ ಸಾಕು, ಆದರೂ ನೋಡುವವರು ಕಡಿಮೆ. ಇನ್ನೊಂದು ಮಾತು: ನಡುವೆ ಎಲ್ಲೂ ದಶಾಂಶ ಕತ್ತರಿಸಬೇಡಿ, ಕೊನೆಯಲ್ಲಿ ಒಮ್ಮೆ ಮಾತ್ರ.

ಪ್ರಶ್ನೆಯಲ್ಲಿ ಎರಡು ಪದಾರ್ಥಗಳ ತೂಕವನ್ನೂ ಕೊಟ್ಟಿದ್ದರೆ ಎಚ್ಚರ. ಅದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ, ಅಂದರೆ ಯಾವ ಪದಾರ್ಥ ಮೊದಲು ಮುಗಿದು ಕ್ರಿಯೆ ನಿಲ್ಲುತ್ತದೆ ಎಂದು ಹುಡುಕುವ ಲೆಕ್ಕ. ಒಂದು ತಾಂಬೂಲಕ್ಕೆ ಎರಡು ಎಲೆ, ಒಂದು ಅಡಿಕೆ ಇಡುತ್ತೀರಿ ಅನ್ನಿ. ತಟ್ಟೆಯಲ್ಲಿ 50 ಎಲೆ, 40 ಅಡಿಕೆ ಇವೆ. ಎಲೆಯೇ ಹೆಚ್ಚು ಕಾಣುತ್ತದೆ, ಆದರೆ ಮೊದಲು ಮುಗಿಯುವುದೂ ಎಲೆಯೇ. 25 ತಾಂಬೂಲ ಕೊಟ್ಟ ಮೇಲೆ 15 ಅಡಿಕೆ ತಟ್ಟೆಯಲ್ಲೇ ಉಳಿಯುತ್ತವೆ. ಆದ್ದರಿಂದ ಯಾವುದು ಕಡಿಮೆ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸದೆ, ಎರಡನ್ನೂ ಮೋಲ್‌ಗೆ ತನ್ನಿ, ಪ್ರತಿಯೊಂದನ್ನೂ ಸಮೀಕರಣದಲ್ಲಿರುವ ಅದರದರ ಅಂಕಿಯಿಂದ ಭಾಗಿಸಿ. ಚಿಕ್ಕದಾಗಿ ಬಂದದ್ದು ಮೊದಲು ಮುಗಿಯುತ್ತದೆ, ಲೆಕ್ಕವೆಲ್ಲ ಅದರ ಮೇಲೆಯೇ.

ಗೈಡ್‌ನಲ್ಲಿ ಬಿಡಿಸಿದ ಲೆಕ್ಕ ಓದಿದಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಅದೇ ಲೆಕ್ಕವನ್ನು ಮರುದಿನ ಮಾಡಿ ನೋಡಿ, ಎಲ್ಲಿ ತಡವರಿಸುತ್ತೀರಿ ಎಂದು ಗೊತ್ತಾಗುತ್ತದೆ.

ಇದನ್ನು ಈಗಲೇ ಮಾಡಿ: ಒಂದು ಸಾರಜನಕ ಅಣು ಮೂರು ಜಲಜನಕ ಅಣುಗಳೊಂದಿಗೆ ಸೇರಿ ಎರಡು ಅಮೋನಿಯಾ ಆಗುತ್ತದೆ. 28 ಗ್ರಾಂ ಸಾರಜನಕ, 10 ಗ್ರಾಂ ಜಲಜನಕ ಇವೆ, ಕ್ರಿಯೆ ಪೂರ್ತಿ ನಡೆಯುತ್ತದೆ ಎಂದುಕೊಳ್ಳಿ. ಅಮೋನಿಯಾ ಎಷ್ಟು, ಉಳಿಯುವುದು ಯಾವುದು?

(ಉತ್ತರ: ಅಮೋನಿಯಾ 34 ಗ್ರಾಂ, ಜಲಜನಕ 4 ಗ್ರಾಂ ಬಾಕಿ.)