ಗಂಗಾವತಿ ಹೊಳಿದಂಡಿಗೆ ನೆರೆ ಮ್ಯಾಪ್ ಮಾಡಿದ್ದು: ಗದ್ದಿ ನೀರು ಯಾವ್ದು, ಹೊಳಿ ನೀರು ಯಾವ್ದು

ಗಂಗಾವತಿ ತಾಲೂಕಿನ ತುಂಗಭದ್ರಾ ದಂಡಿ ಊರುಗಳಿಗೆ ನೆರೆ ಮ್ಯಾಪ್ ಹೆಂಗ ಮಾಡಿದ್ರಿ ಅಂತ ಭಾಳ ಮಂದಿ ಕೇಳ್ತಿರ್ತಾರ, ಅದಕ್ಕ ಬರೀತಿದೀನಿ. ಸಾಫ್ಟ್‌ವೇರ್ ಕ್ಯೂಜಿಐಎಸ್, ಪುಕ್ಕಟೆ. ಸೆಂಟಿನೆಲ್-1 ಅನ್ನೋ ಸ್ಯಾಟಲೈಟಿನ ರೇಡಾರ್ ಚಿತ್ರ, ನೆಲದ ಎತ್ತರ ತಗ್ಗು ತೋರ್ಸೋ ಕೊಪರ್ನಿಕಸ್ 30 ಮೀಟರ್ ಡಿಇಎಂ, ಎರಡೂ ಪುಕ್ಕಟೆ.

ಮಳೆಗಾಲದಾಗ ಮೋಡ ಇರ್ತೈತಲ್ಲ, ರೇಡಾರ್ ಮೋಡ ದಾಟಿ ನೋಡ್ತೈತಿ, ನಿಂತ ನೀರು ಕಪ್ಪಗ ಕಾಣ್ತೈತಿ, ಟ್ಯುಟೋರಿಯಲ್‌ನಾಗ ಇಷ್ಟs ಇರೋದು. ನಮ್ಮ ಕಡೆ ಡ್ಯಾಂ ತುಂಬಿ ಹೊಳಿಗೆ ನೀರು ಬಿಡೋದೂ ಜುಲೈ-ಆಗಸ್ಟ್, ಎಡದಂಡೆ ಕಾಲುವಿ ನೀರಾಗ ಭತ್ತ ನಾಟಿ ಮಾಡೋದೂ ಅದೇ ಟೈಮು, ಕೆಸರು ಮಾಡಿ ನೀರು ನಿಲ್ಸಿದ ಗದ್ದಿನೂ ರೇಡಾರಿಗೆ ಕಪ್ಪೇ, ಹಂಗs ಬಿಟ್ರ ಅರ್ಧ ತಾಲೂಕು ಮುಳುಗೈತಿ ಅಂತ ತೋರಿಸ್ತೈತಿ!

ಅದಕ್ಕ ಹೊಳಿಗೆ ನೀರು ಬಿಡೋಕ್ಕಿಂತ ಮೊದಲಿನ ಚಿತ್ರ ಪಕ್ಕಕ್ಕ ಇಟ್ಕೊಂಡೆ, ಅದ್ರಾಗ ಆಗ್ಲೇ ಕಪ್ಪಿದ್ದ ಜಾಗ ತೆಗೆದೆ. ಆದ್ರೂ ಆಮ್ಯಾಲೆ ನಾಟಿ ಮಾಡಿದ ಗದ್ದಿ ಉಳೀತಾವ. ಪ್ರತಿ ಜಾಗ ತನ್ನ ನೀರು ಹರದು ಸೇರೋ ಹೊಳಿಗಿಂತ ಎಷ್ಟು ಮೀಟರ್ ಮ್ಯಾಲೈತಿ ಅಂತ ಡಿಇಎಂನಿಂದ ಒಂದು ಲೇಯರ್ ಮಾಡಬಹುದು, ಇದಕ್ಕ ಹ್ಯಾಂಡ್ ಅಂತಾರ. ಎತ್ತರದಾಗಿದ್ದು, ಹೊಳಿಗೆ ತಾಕದೇ ಇದ್ದ ಕಪ್ಪೆಲ್ಲ ಅದ್ರಿಂದ ಹೋತು.

ಹಳ್ಳದ ನೀರಿಂದು ಬ್ಯಾರೆ ಪಂಚಾಯ್ತಿ. ಡಿಇಎಂನಾಗ ಕಾಲುವಿ ಏರಿ ಅಡ್ಡಗೋಡಿ ಆಗಿಬಿಡ್ತೈತಿ, ಹಳ್ಳ ಅಲ್ಲೇ ನಿಂತು ಏರಿಗುಂಟ ಹರಿದಂಗ ಗೆರಿ ಬರ್ತೈತಿ. ಖರೇ ಅಂದ್ರ ನೀರು ಕಾಲುವಿ ಕೆಳಗಿನ ಮೋರಿಯೊಳಗಿಂದ ದಾಟ್ತೈತಿ, ಮೋರಿ ಸ್ಯಾಟಲೈಟಿಗೆ ಎಲ್ಲಿ ಕಾಣಬೇಕು? ಬೈಕ್ ಮ್ಯಾಲೆ ಏರಿ ಹಿಡ್ಕೊಂಡು ಹೋಗಿ ಒಂದೊಂದು ಮೋರಿಗೂ ಮೊಬೈಲ್ ಜಿಪಿಎಸ್ ಪಾಯಿಂಟ್ ಹಾಕ್ಕೊಂಡು, ಅಲ್ಲಲ್ಲಿ ಡಿಇಎಂನಾಗ ಏರಿ ಎತ್ತರ ಇಳಿಸಿ ನೀರಿಗೆ ದಾರಿ ಕೊರದು, ಮತ್ತ ಹರಿವು ಲೆಕ್ಕ ಹಾಕ್ದೆ. ಬ್ಯಾಸರದ ಕೆಲಸ, ಆದ್ರ ಇದನ್ನ ಬಿಟ್ರ ಉಳದದ್ದೆಲ್ಲ ದಂಡ.

ಇನ್ನೊಂದು, ಒಂದು ಸೆಂಟಿನೆಲ್ ಅದೇ ದಾರಿಗೆ ವಾಪಸ್ ಬರೋದು 12 ದಿನಕ್ಕ, ನಡುವ ಹೊಳಿ ಏರಿ ಇಳದ್ರ ಚಿತ್ರದಾಗ ಸಿಗಂಗಿಲ್ಲ. ಅದನ್ನ ರೈತರನ್ನೇ ಕೇಳ್ಬೇಕು. ಎಷ್ಟು ಕ್ಯೂಸೆಕ್ಸ್ ಬಿಟ್ಟಾಗ ಅಂದ್ರ ಯಾರೂ ಹೇಳಂಗಿಲ್ಲ, "ಕಂಪ್ಲಿ ಸೇತುವಿ ಮುಳುಗಿದಾಗ ನಿಮ್ಮ ಹೊಲದಾಗ ಎಲ್ಲೀತನ ಬಂದಿತ್ರಿ ಕಾಕಾ" ಅಂದ್ರ ಬದುವಿಗೆ ಕರ್ಕೊಂಡು ಹೋಗಿ ನಿಲ್ಸಿ ತೋರಿಸ್ತಾರ.

ಕೊನಿಗೆ ಜಾಗದ ಸರ್ವೆ ನಂಬರ್ ತೋರ್ಸೋ ಸರ್ಕಾರದ ದಿಶಾಂಕ್ ಆಪ್ ನೋಡ್ಕೊಂಡು, ಮ್ಯಾಪಿನಾಗ ಆ ನಂಬರ್ ಬರ್ದು ಪಂಚಾಯ್ತಿಗೆ ಪ್ರಿಂಟ್ ಕೊಟ್ಟೆ. 30 ಮೀಟರ್ ಡಿಇಎಂನಾಗ ಎತ್ತರ ಒಂದೆರಡು ಮೀಟರ್ ಆಕಡೆ ಈಕಡೆ ಆಗೋದು ಮಾಮೂಲು, ಅದಕ್ಕ ನಮ್ಮನಿ ಮುಳುಗ್ತೈತೇನ್ರಿ ಅಂದ್ರ ಈ ಮ್ಯಾಪ್ ನೋಡಿ ಹೇಳಾಕ ಬರಂಗಿಲ್ಲ, ಯಾವ ಓಣಿ ಮೊದ್ಲು ಖಾಲಿ ಮಾಡಿಸ್ಬೇಕು ಅನ್ನೋದಕ್ಕ ಸಾಕು.